ಬಾತ್ರೂಂ ಕ್ಲೀನಾಯ್ತು, ಕಡಪ ಕಲ್ಲು ಹಾಳಾಯ್ತು: ಒಂದೇ ಆಸಿಡ್ ಹಿಂಗ್ಯಾಕೆ ಮಾಡ್ತು?

ಪ್ರಶ್ನೆ: ಸರ್ ನಮಸ್ಕಾರ. ನಮ್ದು ಶ್ರೀನಿವಾಸಪುರ ತಾಲ್ಲೂಕು. ಬೋರ್‌ವೆಲ್ ನೀರು, ತುಂಬಾ ಗಡಸು. ಬಾತ್ರೂಂ ಟೈಲ್ಸ್ ಮೇಲೆ ಬಿಳೀ ಪೊರೆ ಕಟ್ಟಿತ್ತು ಅಂತ ಅಂಗಡಿಯಿಂದ ಬಾಟ್ಲಲ್ಲಿ ಆಸಿಡ್ ತಂದು ಹಾಕ್ದೆ, ಚೆನ್ನಾಗಿ ಬಿಡ್ತು. ಅದೇ ಖುಷೀಲಿ ಅಡುಗೆಮನೆ ಕಡಪ ಕಲ್ಲಿಗೂ ಹಾಕಿದ್ರೆ ಬುಸ್ ಅಂತ ನೊರೆ ಬಂದು ಕಲ್ಲು ಬೆಳ್ಳಗೆ ಒರಟಾಗೋಯ್ತು. ಆಮೇಲೆ ವಾಸನೆ ಹೋಗ್ಲಿ ಅಂತ ಬಾತ್ರೂಮಿಗೆ ಬ್ಲೀಚಿಂಗ್ ಪೌಡರ್ ಚೆಲ್ಲಿದೆ, ಕಣ್ಣು ಉರಿ, ಕೆಮ್ಮು, ಹೊರಗೆ ಓಡಿ ಬಂದೆ. ಈಗ ನಮ್ಮನೆಯವರು ಮಿಕ್ಕಿರೋ ಆಸಿಡ್‌ನ ಟೊಮೊಟೊ ತೋಟದ ಡ್ರಿಪ್ಪಿಗೆ ಬಿಡ್ತೀನಿ ಅಂತಾರೆ, ಗಿಡ ಸಾಯಲ್ವಾ? ಹತ್ತನೇ ಕ್ಲಾಸ್ ಓದೋ ಮಗಳು ಬೇರೆ ಹುಣಿಸೇಹಣ್ಣೂ ಆಸಿಡ್ಡೇ ಕಣಮ್ಮ ಅಂತಾಳೆ. ಹಂಗಾದ್ರೆ ಅದು ಯಾಕೆ ಕೈ ಸುಡಲ್ಲ?

ಉತ್ತರ:

ಅಮ್ಮ, ಮೊದ್ಲು ಆ ಕೆಮ್ಮಿನ ವಿಷ್ಯ ಮಾತಾಡಿ ಮುಗಿಸ್ಬಿಡೋಣ, ಉಳಿದಿದ್ದೆಲ್ಲ ಆಮೇಲೆ. ನಿಮ್ಮ ಬಾತ್ರೂಮಲ್ಲಿ ಅವತ್ತು ಎದ್ದಿದ್ದು ಕ್ಲೋರಿನ್ ಗ್ಯಾಸು. ಬಾಟ್ಲಲ್ಲಿದ್ದ ಆಸಿಡ್ಡು ಹೈಡ್ರೋಕ್ಲೋರಿಕ್ ಆಸಿಡ್, ಬ್ಲೀಚಿಂಗ್ ಪೌಡರಲ್ಲಿ ಇರೋದು ಹೈಪೋಕ್ಲೋರೈಟ್, ಇವೆರಡೂ ಸೇರಿದ ತಕ್ಷಣ ಕ್ಲೋರಿನ್ ಬಿಡುಗಡೆ ಆಗತ್ತೆ, ನಿಧಾನಕ್ಕಲ್ಲ, ಕ್ಷಣದಲ್ಲೇ. 1915ನೇ ಇಸವಿ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ್ ಹತ್ರ ಮೊದಲನೇ ಮಹಾಯುದ್ಧದಲ್ಲಿ ಜರ್ಮನಿಯವರು ಸಿಲಿಂಡರ್ ತೆಗೆದು ಎದುರು ಸೈನ್ಯದ ಮೇಲೆ ಬಿಟ್ಟಿದ್ದು ಇದೇ ಗ್ಯಾಸು. ಗಾಳಿಗಿಂತ ಎರಡೂವರೆ ಪಟ್ಟು ಭಾರ, ಅದಕ್ಕೇ ಮೇಲಿನ ಕಿಟಕೀಲಿ ಬೇಗ ಹೋಗಲ್ಲ, ನೆಲದಲ್ಲೇ ಮಲಗಿರತ್ತೆ, ಬಗ್ಗಿ ಉಜ್ಜೋರ ಮೂಗಿನ ಮಟ್ಟದಲ್ಲೇ ಇರತ್ತೆ. ನೀವು ಓಡಿ ಬಂದಿದ್ದು ಬಹಳ ಒಳ್ಳೇ ಕೆಲಸ ಮಾಡಿದ್ರಿ. ಆದ್ರೆ ಈಗ್ಲೂ ಎದೆ ಹಿಡಿದಂಗೆ ಇದ್ರೆ, ಉಸಿರು ಕಟ್ಟಿದಂಗಾದ್ರೆ ಕಷಾಯ ಕುಡ್ಕೊಂಡು ಮನೇಲಿ ಕೂರಬೇಡಿ, ಡಾಕ್ಟರ್ ಹತ್ರ ಹೋಗಿ ಹಿಂಗಾಯ್ತು ಅಂತ ಬಿಡಿಸಿ ಹೇಳಿ. ಕ್ಲೋರಿನ್ ಎಳ್ಕೊಂಡವರಿಗೆ ಕೆಲವು ಸಲ ಗಂಟೆಗಳು ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬ್ಕೊಳ್ಳತ್ತೆ, ಅದಕ್ಕೆ ಹೇಳ್ತಿರೋದು. ಇನ್ಮೇಲೆ ಆಸಿಡ್ ಹಾಕಿದ ಜಾಗಕ್ಕೆ ಅವತ್ತು ನೀರು ಬಿಟ್ರೆ ಬೇರೇನೂ ಹಾಕಬೇಡಿ. ಟಾಯ್ಲೆಟ್ ತೊಳೆಯೋ ಹಾರ್ಪಿಕ್ ಥರದ್ದರಲ್ಲೂ ಸುಮಾರು 10% ಇದೇ ಹೈಡ್ರೋಕ್ಲೋರಿಕ್ ಆಸಿಡ್ ಇರೋದು, ಹಂಗಾಗಿ ಅದಕ್ಕೂ ಇದೇ ಮಾತು.

ಈಗ ಮಗಳ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ನಿಮ್ಮ ಎಲ್ಲಾ ಪ್ರಶ್ನೆಗೂ ಬೀಗದಕೈ ಆ ಹುಡುಗಿ ಪ್ರಶ್ನೇಲೇ ಇದೆ. ನಾನು ಕೋಲಾರದಲ್ಲಿ ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳ್ಕೊಟ್ಟಿದೀನಿ, ಪ್ರತೀ ವರ್ಷ ಯಾರಾದ್ರೂ ಒಬ್ಬರು ಇದನ್ನ ಕೇಳೇ ಕೇಳ್ತಿದ್ರು, ಕೇಳಿದ ಮಕ್ಕಳಿಗೆ ವಿಷಯ ಹಿಡೀತಿದೆ ಅಂತ ನನಗೆ ಗೊತ್ತಾಗ್ತಿತ್ತು. ನಮ್ಮ ಜನ ಆಸಿಡ್ ಅಂದ್ರೆ ಒಂದೇ ಒಂದು ವಸ್ತು ಅಂದ್ಕೊಂಡಿದಾರೆ, ಬಾಟ್ಲಲ್ಲಿ ಬರೋ ಹೊಗೆಯಾಡೋ ನೀರು, ಅಷ್ಟೇ. ಹಂಗಲ್ಲ. ಯಾವುದೇ ಆಸಿಡ್ ಬಗ್ಗೆ ಮೂರು ಬೇರೆ ಬೇರೆ ವಿಷ್ಯ ಕೇಳ್ಬೇಕು, ಅದು ಎಷ್ಟು ಜೋರು, ಎಷ್ಟು ಗಟ್ಟಿ, ಬೀಳ್ತಿರೋದು ಯಾವುದರ ಮೇಲೆ. ನಾವು ಈ ಮೂರನ್ನೂ ಕಲಸಿ ಒಂದು ಮಾಡ್ಕೊಂಡಿರೋದ್ರಿಂದಾನೇ ಒಂದ್ಕಡೆ ನಿಂಬೆಹಣ್ಣಿಗೂ ಹೆದರ್ತೀವಿ, ಇನ್ನೊಂದ್ಕಡೆ ಬರಿಗೈಲಿ ಬಾತ್ರೂಂ ಆಸಿಡ್ ಸುರೀತೀವಿ.

ಆಸಿಡ್ ಅಂದ್ರೆ ಏನು? ನೀರಿಗೆ ಬಿದ್ದಾಗ ತನ್ನ ಹೈಡ್ರೋಜನ್ನನ್ನ ಎಚ್ ಪ್ಲಸ್ ಅನ್ನೋ ಅಯಾನ್, ಅಂದ್ರೆ ವಿದ್ಯುತ್ ಹೊತ್ತಿರೋ ಕಣ, ಆಗಿ ಬಿಟ್ಟುಕೊಡೋ ವಸ್ತು. ಸ್ವೀಡನ್ನಿನ ಅರೀನಿಯಸ್ ಅನ್ನೋರು 1884ರಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಉಪ್ಪು, ಆಸಿಡ್ ಎಲ್ಲ ನೀರಲ್ಲಿ ಕರಗಿದಾಗ ಅಯಾನುಗಳಾಗಿ ಒಡೆಯತ್ತೆ ಅನ್ನೋ ವಿಚಾರ ಮುಂದಿಟ್ರು, ಪರೀಕ್ಷೆ ಮಾಡಿದ ಪ್ರೊಫೆಸರುಗಳಿಗೆ ಅದು ರುಚಿಸ್ಲಿಲ್ಲ, ತೀರಾ ಕಡಿಮೆ ದರ್ಜೆ ಕೊಟ್ಟು ಪಾಸ್ ಮಾಡಿದ್ರು, 1903ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು. ಅದಕ್ಕೂ ಹಿಂದೆ ಫ್ರಾನ್ಸಿನ ಲವಾಸಿಯೇ ಹುಳಿಗೆ ಕಾರಣ ಆಕ್ಸಿಜನ್ ಅಂತ ತಿಳ್ಕೊಂಡಿದ್ರು, ಆಕ್ಸಿಜನ್ ಅನ್ನೋ ಹೆಸರಿನ ಅರ್ಥಾನೇ ಹುಳಿ ಹುಟ್ಟಿಸೋದು ಅಂತ. ನಿಮ್ಮ ಬಾಟ್ಲಲ್ಲಿರೋ ಆಸಿಡ್ಡಲ್ಲಿ ಆಕ್ಸಿಜನ್ನೇ ಇಲ್ಲ ಅಂತ ಆಮೇಲೆ ಇಂಗ್ಲೆಂಡಿನ ಹಂಫ್ರಿ ಡೇವಿ ತೋರಿಸಿಕೊಟ್ರು. ಹುಳಿ ರುಚಿ ಕೊಡೋದು, ಕಲ್ಲು ಕರಗಿಸೋದು, ಸುಡೋದು, ಎಲ್ಲಾದ್ರಲ್ಲೂ ಕೈ ಇರೋದು ಈ ಎಚ್ ಪ್ಲಸ್‌ದೇ.

ಜೋರು ಅಂದ್ರೆ ಏನಪ್ಪ ಅಂದ್ರೆ, ಆ ಆಸಿಡ್ಡು ತನ್ನತ್ರ ಇರೋ ಹೈಡ್ರೋಜನ್ನನ್ನ ಎಷ್ಟು ಧಾರಾಳವಾಗಿ ಬಿಟ್ಕೊಡತ್ತೆ ಅನ್ನೋದು. ಹೈಡ್ರೋಕ್ಲೋರಿಕ್ ನೀರಿಗೆ ಬಿದ್ರೆ ಹೆಚ್ಚುಕಮ್ಮಿ ಎಲ್ಲಾ ಅಣುಗಳೂ ಬಿಟ್ಬಿಡತ್ತೆ. ಅಡುಗೆಗೆ ಹಾಕೋ ವಿನಿಗರ್ ತಗೊಳಿ, ಅದರಲ್ಲಿರೋ ಅಸಿಟಿಕ್ ಆಸಿಡ್ಡು ಜುಗ್ಗ, ಇನ್ನೂರು ಅಣು ಇದ್ರೆ ಒಂದು ಬಿಡ್ಬೇಕು, ಮಿಕ್ಕಿದ್ದೆಲ್ಲ ಮುಷ್ಟಿ ಬಿಗಿ ಹಿಡ್ಕೊಂಡೇ ಕೂತಿರತ್ತೆ. ಹುಣಿಸೇಹಣ್ಣಿನ ಟಾರ್ಟಾರಿಕ್, ನಿಂಬೆಹಣ್ಣಿನ ಸಿಟ್ರಿಕ್, ಮೊಸರಿನ ಲ್ಯಾಕ್ಟಿಕ್ ಎಲ್ಲ ಈ ಜುಗ್ಗ ಕುಲದವೇ, ವಿನಿಗರಿಗಿಂತ ಸ್ವಲ್ಪ ಕೈ ಸಡಿಲ ಅಷ್ಟೇ. ಗಟ್ಟಿ ಅಂದ್ರೆ ಬೇರೆ ಲೆಕ್ಕ, ಒಂದು ಲೀಟರ್ ನೀರಲ್ಲಿ ಎಷ್ಟು ಆಸಿಡ್ ತುಂಬಿದೀರ ಅನ್ನೋದು. ಲ್ಯಾಬಿಗೆ ಬರೋ ಗಟ್ಟಿ ಹೈಡ್ರೋಕ್ಲೋರಿಕ್ಕಲ್ಲಿ ತೂಕದಲ್ಲಿ ಸುಮಾರು 37% ಆಸಿಡ್ಡೇ ಇರತ್ತೆ. ನಿಮ್ಮ ಹೊಟ್ಟೇಲಿ ಊಟ ಅರಗಿಸೋಕೆ ಊರೋದೂ ಇದೇ ಹೈಡ್ರೋಕ್ಲೋರಿಕ್ ಆಸಿಡ್ಡೇ, ಅದೇ ಜೋರಿನದು, ಆದ್ರೆ ನೂರಕ್ಕೆ ಅರ್ಧ ಪಾಲಿನ ಆಸುಪಾಸು ಅಷ್ಟೇ ಇರೋದು, ಅಷ್ಟು ತೆಳುವಾಗಿದ್ರೂ ಹೊಟ್ಟೆಯ ಒಳಗೋಡೆಗೆ ಲೋಳೆ ಲೇಪ ಇಲ್ದೆ ಹೋದ್ರೆ ಹುಣ್ಣಾಗತ್ತೆ. ಇನ್ನೊಂದ್ಕಡೆ ವಿನಿಗರಿನ ಅದೇ ಅಸಿಟಿಕ್ ಆಸಿಡ್ಡನ್ನ ನೀರಿಲ್ದಂಗೆ ಶುದ್ಧವಾಗಿ ಕೈ ಮೇಲೆ ಹಾಕ್ಕೊಂಡ್ರೆ ಬೊಬ್ಬೆ ಬರತ್ತೆ. ಅಂದ್ರೆ ಜೋರಿಲ್ದೆ ಇರೋದು ಗಟ್ಟಿಯಾಗಿದ್ರೆ ಸುಡತ್ತೆ, ಜೋರಿರೋದು ತೆಳುವಾಗಿದ್ರೆ ಹೊಟ್ಟೇಲೇ ಇಟ್ಕೊಂಡು ಓಡಾಡ್ತೀವಿ. ಹುಣಿಸೇಹಣ್ಣು ಕೈ ಸುಡದೇ ಇರೋಕೆ ಎರಡೂ ಕಾರಣ, ಜುಗ್ಗ ಆಸಿಡ್ಡು, ಮೇಲೆ ಅದನ್ನ ನೀರಲ್ಲಿ ನೆನೆಸಿ ಕಿವುಚಿ ಸಾರಿಗೆ ಹಾಕೋದು. ಆದ್ರೂ ಇಡೀ ದಿನ ಹುಣಿಸೇಹಣ್ಣು ಕುಟ್ಟಿ ಬೀಜ ಬಿಡಿಸೋ ಹೆಣ್ಮಕ್ಕಳನ್ನ ಕೇಳಿ ನೋಡಿ, ಬೆರಳ ಸಂದೀಲಿ ಸಣ್ಣ ಗಾಯ ಇದ್ರೆ ಹೆಂಗೆ ಉರಿಯತ್ತೆ ಅಂತ ಅವರು ಹೇಳ್ತಾರೆ.

ಈ ಎಚ್ ಪ್ಲಸ್ ಎಷ್ಟಿದೆ ಅಂತ ಅಳೆಯೋ ಮಾಪಾನೇ ಪಿಎಚ್. 1909ರಲ್ಲಿ ಡೆನ್ಮಾರ್ಕಿನ ಸೊರೆನ್‌ಸೆನ್ ಇದನ್ನ ಶುರು ಮಾಡಿದ್ದು, ಅವರಿದ್ದಿದ್ದು ಒಂದು ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ. 7 ಅಂದ್ರೆ ಶುದ್ಧ ನೀರು, ಕೆಳಗೆ ಇಳಿದಂಗೆ ಹುಳಿ, ಮೇಲೆ ಹೋದಂಗೆ ಸುಣ್ಣದ ಕಡೆ. ಮಗಳಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ, ಒಂದು ಮೆಟ್ಟಿಲು ಇಳಿದ್ರೆ ಹತ್ತು ಪಟ್ಟು, ಎರಡು ಮೆಟ್ಟಿಲಿಗೆ ನೂರು ಪಟ್ಟು. ಹಾಲು 6.6ರ ಹತ್ರ, ಟೊಮೊಟೊ 4.3ರ ಆಸುಪಾಸು, ನಿಂಬೆರಸ 2ರ ಸ್ವಲ್ಪ ಮೇಲೆ, ಅಂದ್ರೆ ಟೊಮೊಟೊಗಿಂತ ನಿಂಬೆಹಣ್ಣಲ್ಲಿ ಎಚ್ ಪ್ಲಸ್ಸು ಸುಮಾರು ನೂರು ಪಟ್ಟು ಜಾಸ್ತಿ. ಹಾಲು ಹುಳಿಯಾಗ್ತಾ ಆಗ್ತಾ ಪಿಎಚ್ಚು 4.6ರ ಹತ್ರ ಬಂದಾಗ ಕೇಸಿನ್ ಅನ್ನೋ ಪ್ರೋಟೀನಿನ ಕಣಗಳಿಗೆ ಒಂದನ್ನೊಂದು ದೂರ ತಳ್ಳೋ ಶಕ್ತಿ ಹೋಗಿ ಎಲ್ಲ ಕೂಡ್ಕೊಂಡು ಹೆಪ್ಪಾಗತ್ತೆ, ಅದೇ ಮೊಸರು.

ಇನ್ನು ಮೂರನೇದು, ಯಾವುದರ ಮೇಲೆ ಬಿತ್ತು. ನಿಮ್ಮ ಕಡಪ ಕಲ್ಲಿನ ಕಥೆ ಇದೇ.

ಬಾತ್ರೂಂ ಟೈಲ್ಸ್ ಮೇಲೆ ಕಟ್ಟಿದ್ದ ಬಿಳೀ ಪೊರೆ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟು. ಇದು ಹೆಂಗೆ ಬಂತು ಅಂತ ಯೋಚ್ನೆ ಮಾಡಿದ್ರೆ ನನಗೆ ಇವತ್ತಿಗೂ ಆಶ್ಚರ್ಯ ಆಗತ್ತೆ. ಮಳೆನೀರು ಗಾಳಿಯಿಂದ, ಮಣ್ಣಿಂದ ಕಾರ್ಬನ್ ಡೈಆಕ್ಸೈಡ್ ಕುಡ್ಕೊಂಡು ತಾನೇ ಒಂದು ಮೆದು ಆಸಿಡ್ ಆಗತ್ತೆ, ಸ್ವಚ್ಛವಾದ ಮಳೆನೀರಿಗೂ ಪಿಎಚ್ಚು 5.6ರ ಹತ್ರ ಇರತ್ತೆ. ಆ ನೀರು ವರ್ಷಾನುಗಟ್ಟಲೆ ಬಂಡೆ ಸಂದೀಲಿ ಇಳೀತಾ ಇಳೀತಾ ಕ್ಯಾಲ್ಸಿಯಂನ ಕರಗಿಸ್ಕೊಂಡು ಬೈಕಾರ್ಬೊನೇಟ್ ರೂಪದಲ್ಲಿ ಹೊತ್ಕೊಂಡಿರತ್ತೆ, ನಮ್ಮಲ್ಲಿ ಬೋರು ಸಾವಿರ ಅಡಿ ದಾಟಿ ಹೋಗಿ ಆ ನೀರನ್ನ ಮೇಲೆತ್ತಿ ತರತ್ತೆ, ಮೇಲೆ ಬಂದು ಬಿಸಿಯಾದಾಗ ಇಲ್ಲಾ ಆರಿದಾಗ ಕಾರ್ಬನ್ ಡೈಆಕ್ಸೈಡ್ ಹಾರಿ ಹೋಗಿ ಕ್ಯಾಲ್ಸಿಯಂ ಮತ್ತೆ ಕಲ್ಲಾಗಿ ಕೂರತ್ತೆ, ಗೀಸರ್ ಕಾಯ್ಲ್ ಮೇಲೆ, ನಲ್ಲಿ ಬಾಯಲ್ಲಿ, ಡ್ರಿಪ್ಪಿನ ತೂತಲ್ಲಿ. ಅಂದ್ರೆ ಒಂದು ಆಸಿಡ್ಡು ನೆಲದೊಳಗೆ ಕರಗಿಸಿ ತಂದಿದ್ದನ್ನ ನೀವು ಇನ್ನೊಂದು ಆಸಿಡ್ ಹಾಕಿ ಮತ್ತೆ ಕರಗಿಸಿ ಕಳಿಸಿದ್ರಿ. ಬುಸ್ ಅಂತ ಬಂದ ನೊರೆ ಇದೆಯಲ್ಲ, ಅದೇ ಆ ಕಾರ್ಬನ್ ಡೈಆಕ್ಸೈಡು.

ಈಗ ಕಡಪ ಕಲ್ಲು ಏನು? ಅದೂ ಸುಣ್ಣದ ಕಲ್ಲೇ ಅಮ್ಮ, ಕಪ್ಪಗೆ ಹೊಳೀತಿದೆ ಅಂತ ನಾವು ಗ್ರಾನೈಟ್ ಜೊತೆ ಸೇರಿಸ್ಬಿಡ್ತೀವಿ. ಪಕ್ಕದ ಆಂಧ್ರದ ಕಡಪ ಸೀಮೆಯಿಂದ ಬರೋದು, ಅದರ ಮೈಯೆಲ್ಲ ಹೆಚ್ಚಾಗಿ ಅದೇ ಕ್ಯಾಲ್ಸಿಯಂ ಕಾರ್ಬೊನೇಟು. ಆಸಿಡ್ಡಿಗೆ ಪೊರೆ ಯಾವುದು ಕಲ್ಲು ಯಾವುದು ಗೊತ್ತಾಗಲ್ಲ, ಎರಡನ್ನೂ ತಿಂತು. ಗ್ರಾನೈಟ್ ಹಂಗಲ್ಲ, ಅದು ಸಿಲಿಕೇಟ್, ನಮ್ಮ ಕೋಲಾರದ ಬೆಟ್ಟಗಳ ಬಂಡೆ ಕುಲದ್ದು, ಅದರ ಮೇಲೆ ನಿಂಬೆರಸ ಬಿದ್ರೂ ನೊರೆ ಬರಲ್ಲ. ಅಮೃತಶಿಲೆ, ಹಳೇ ಮನೆಗಳ ಮೊಸಾಯಿಕ್ ನೆಲ, ಇವೆಲ್ಲ ಕಡಪದ ಕಡೆಯವು. ಕಲ್ಲು ಯಾವ ಜಾತಿ ಅಂತ ಅನುಮಾನ ಬಂದ್ರೆ ಮೂಲೇಲಿ ಕಾಣದ ಜಾಗದಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಎರಡು ನಿಮಿಷ ನೋಡಿ, ಸಣ್ಣ ಗುಳ್ಳೆ ಎದ್ರೆ ಇಲ್ಲಾ ಒರೆಸಿದ ಮೇಲೆ ಹೊಳಪು ಹೋಗಿದ್ರೆ ಅದಕ್ಕೆ ಯಾವ ಹುಳೀನೂ ತಗಲಿಸಬಾರದು ಅಂತ ಅರ್ಥ.

ಹಾಳಾಗಿರೋದನ್ನ ಸರಿ ಮಾಡೋಕೆ ಯಾವ ಕೆಮಿಕಲ್ಲೂ ಇಲ್ಲ, ಯಾಕಂದ್ರೆ ಅಲ್ಲಿ ಕಲೆ ಕೂತಿಲ್ಲ, ಕಲ್ಲೇ ಕರಗಿ ಹೋಗಿದೆ. ಕಲ್ಲಿನವರನ್ನ ಕರೆಸಿ ಮಿಷಿನ್ನಲ್ಲಿ ಪಾಲಿಶ್ ಹೊಡೆಸ್ಬೇಕು, ಅಲ್ಲೀವರ್ಗೂ ಸ್ವಲ್ಪ ಎಣ್ಣೆ ಬಟ್ಟೇಲಿ ಒರೆಸಿದ್ರೆ ಬಿಳುಪು ಅಷ್ಟು ಎದ್ದು ಕಾಣಲ್ಲ. ಬಾತ್ರೂಂ ಕ್ಲೀನಾಯ್ತು ಅಂತ ಅಲ್ಲೂ ಪದೇ ಪದೇ ಹಾಕೋಕೆ ಹೋಗಬೇಡಿ. ಟೈಲ್ಸಿಗೆ ಏನೂ ಆಗಲ್ಲ ನಿಜ, ಆದ್ರೆ ಟೈಲ್ಸ್ ಸಂದೀಲಿರೋ ಸಿಮೆಂಟು ಸುಣ್ಣದ್ದೇ ಮನೆ, ಅದು ಸವೆದು ಸವೆದು ನೀರು ಕೆಳಗೆ ಇಳಿಯೋಕೆ ಶುರುವಾಗತ್ತೆ, ಆಮೇಲೆ ಗೋಡೆ ತೇವ ಅಂತ ಮೇಸ್ತ್ರಿ ಹುಡುಕ್ಕೊಂಡು ಓಡಾಡ್ತೀವಿ. ಸ್ಟೀಲ್ ಪಾತ್ರೆಗೂ ಇದು ಆಗಲ್ಲ, ಆ ಹೊಗೆ ತಗುಲಿದ್ರೂ ಸಾಕು ಸ್ಟೀಲ್ ಮೇಲೆ ಚುಕ್ಕೆ ಚುಕ್ಕೆ ತುಕ್ಕು ಬರತ್ತೆ. ನಲ್ಲಿ, ಗೀಸರ್ ಕಾಯ್ಲ್, ಕೆಟಲ್ ಇವಕ್ಕೆ ಸಿಟ್ರಿಕ್ ಆಸಿಡ್ ಸಾಕು, ಅಂಗಡೀಲಿ ನಿಂಬೆ ಉಪ್ಪು ಅಂತ ಹರಳು ಥರ ಸಿಗತ್ತಲ್ಲ ಅದು, ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ಹಾಕಿ ಅರ್ಧ ಗಂಟೆ ಬಿಟ್ರೆ ಪೊರೆ ತಾನಾಗೇ ಸಡಿಲ ಆಗತ್ತೆ. ಜುಗ್ಗ ಆಸಿಡ್ಡಿನ ಒಳ್ಳೇತನ ಇದೇ ನೋಡಿ, ಒಂದೇ ಸಲ ಎಲ್ಲಾ ಎಚ್ ಪ್ಲಸ್ ಸುರಿಯಲ್ಲ, ಸುಣ್ಣ ಒಂದಷ್ಟನ್ನ ತಿಂದಂಗೆಲ್ಲ ಮತ್ತಷ್ಟು ಬಿಡತ್ತೆ.

ಡ್ರಿಪ್ಪಿನ ವಿಷಯಕ್ಕೆ ಬರೋಣ, ಇದು ನಮ್ಮ ಜಿಲ್ಲೆಗೆ ಬಹಳ ಮುಖ್ಯ, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ನಿಮ್ಮನೆಯವರು ಹೇಳ್ತಿರೋದು ತಪ್ಪಲ್ಲ. ಡ್ರಿಪ್ಪಿಗೆ ಆಸಿಡ್ ಬಿಡೋದು ಸರಿಯಾದ ಪದ್ಧತೀನೇ, ಕೃಷಿ ಕಾಲೇಜಿನವರೂ ಹೇಳ್ಕೊಡ್ತಾರೆ. ತಪ್ಪಾಗೋದು ಎಲ್ಲಿ ಅಂದ್ರೆ ಅಂದಾಜಲ್ಲಿ ಸುರಿಯೋದ್ರಲ್ಲಿ. ಮೊದಲು ಕಟ್ಟಿರೋದು ಏನು ಅಂತ ನೋಡಿ. ಕಟ್ಟಿರೋ ಒಂದು ಡ್ರಿಪ್ಪರ್ ಕಿತ್ತು ಬ್ಲೇಡಲ್ಲಿ ಸೀಳಿ, ಒಳಗಿನ ಕಸದ ಮೇಲೆ ಒಂದು ಹನಿ ಆಸಿಡ್ ಬಿಡಿ. ನೊರೆ ಬಂದ್ರೆ ಸುಣ್ಣ, ಆಸಿಡ್ ಕೆಲಸ ಮಾಡತ್ತೆ. ಹಸಿರಾಗಿ ಲೋಳೆ ಥರ ಇದ್ದು ನೊರೆ ಬರ್ದೇ ಇದ್ರೆ ಅದು ಪಾಚಿ, ಅದಕ್ಕೆ ಆಸಿಡ್ ಎಷ್ಟು ಬಿಟ್ರೂ ದಂಡ, ಅದಕ್ಕೆ ಕ್ಲೋರಿನ್ ಬೇಕು, ಅಂದ್ರೆ ಬ್ಲೀಚಿಂಗ್ ಪೌಡರಿನ ತಿಳಿನೀರು, ಅದೂ ಬೇರೆ ದಿನ, ಬೇರೆ ಡ್ರಮ್ಮಲ್ಲಿ. ನಿಮ್ಮ ಬಾತ್ರೂಮಲ್ಲಿ ಆಗಿದ್ದೇ ತೋಟದ ಪಂಪ್‌ಹೌಸಲ್ಲೂ ಆಗಬಾರದು. ಮರಳು ಕೂತಿದ್ರೆ ಎರಡೂ ಬೇಡ, ಫಿಲ್ಟರ್ ನೋಡಿ.

ಸುಣ್ಣಾನೇ ಆಗಿದ್ರೆ ಬಕೆಟ್ ಟೆಸ್ಟ್ ಮಾಡಿ. ನಿಮ್ಮ ಬೋರಿನ ನೀರು ಹತ್ತು ಲೀಟರ್ ಪ್ಲಾಸ್ಟಿಕ್ ಬಕೆಟಲ್ಲಿ ಹಿಡೀರಿ, ಸೂಜಿ ತೆಗೆದ ಸಿರಿಂಜಲ್ಲಿ ಒಂದೊಂದೇ ಎಂಎಲ್ ಆಸಿಡ್ ಹಾಕಿ ಕೋಲಲ್ಲಿ ಕಲಕ್ತಾ ಹೋಗಿ, ಪ್ರತೀ ಸಲ ಪಿಎಚ್ ಪೇಪರ್ ಅದ್ದಿ ನೋಡಿ. ಮೊದಮೊದಲು ಏನೂ ಬದಲಾವಣೆ ಕಾಣಲ್ಲ, ನೀರಲ್ಲಿರೋ ಬೈಕಾರ್ಬೊನೇಟು ಬಂದಿದ್ದೆಲ್ಲ ನುಂಗ್ತಾ ಇರತ್ತೆ, ಆಮೇಲೆ ಒಂದು ಹಂತದಲ್ಲಿ ದಬಕ್ ಅಂತ ಬೀಳತ್ತೆ. 4ರ ಹತ್ರ ಬಂದಾಗ ನಿಲ್ಲಿಸಿ, ಒಟ್ಟು ಎಷ್ಟು ಎಂಎಲ್ ಹಿಡೀತು ಅಂತ ಬರ್ಕೊಳಿ. ಇದು ಪಿಯುಸಿ ಲ್ಯಾಬಲ್ಲಿ ಮಾಡಿಸ್ತಿದ್ದ ಟೈಟ್ರೇಶನ್ನೇ ಅಮ್ಮ, ಬ್ಯೂರೆಟ್ ಬದಲು ಸಿರಿಂಜು, ಫ್ಲಾಸ್ಕ್ ಬದಲು ಬಕೆಟ್ಟು. ಮಕ್ಕಳು ಇದೆಲ್ಲ ಕಲಿತು ಏನು ಪ್ರಯೋಜನ ಅಂತ ಕೇಳೋರಿಗೆ ನಾನು ಇದನ್ನೇ ತೋರಿಸ್ತೀನಿ. ಅಂದಾಜು ಬೇಕಂದ್ರೆ, ನೀರಿನ ರಿಪೋರ್ಟಲ್ಲಿ ಆಲ್ಕಲಿನಿಟಿ, ಅಂದ್ರೆ ನೀರಿಗೆ ಆಸಿಡ್ ನುಂಗೋ ಶಕ್ತಿ, ಲೀಟರಿಗೆ 300 ಮಿಲಿಗ್ರಾಂ ಅಂತಿದ್ರೆ, 30% ಚಿಲ್ಲರೆ ಇರೋ ಗಟ್ಟಿ ಆಸಿಡ್ಡು ಲೀಟರ್ ನೀರಿಗೆ ಸುಮಾರು 0.6 ಎಂಎಲ್ ಬೇಕಾಗತ್ತೆ, ಸಾವಿರ ಲೀಟರಿಗೆ 600 ಎಂಎಲ್. ಆದ್ರೆ ಅಂಗಡಿ ಬಾಟ್ಲಲ್ಲಿ ಎಷ್ಟು ಪರ್ಸೆಂಟ್ ಇದೆ ಅಂತ ಚೀಟಿ ಇರಲ್ವಲ್ಲ, ಅದಕ್ಕೇ ನನ್ನ ಲೆಕ್ಕ ನಂಬೋದಕ್ಕಿಂತ ನಿಮ್ಮ ಬಕೆಟ್ ನಂಬಿ.

ಬಿಡುವಾಗ ಪಂಪು, ಕಬ್ಬಿಣದ ಫಿಲ್ಟರ್ ಎಲ್ಲ ದಾಟಿದ ಮೇಲೆ ವೆಂಚುರಿಯಿಂದ, ಅಂದ್ರೆ ನೀರಿನ ರಭಸಕ್ಕೆ ಡ್ರಮ್ಮಿಂದ ದ್ರಾವಣ ಎಳ್ಕೊಳ್ಳೋ ಸಾಧನದಿಂದ, ಬಿಡಿ, ಇಲ್ದಿದ್ರೆ ಕಬ್ಬಿಣ ಕರಗತ್ತೆ. ಎಲ್ಲಾ ಲ್ಯಾಟರಲ್ ಪೈಪಿನ ಕೊನೇವರ್ಗೂ ಹುಳಿ ನೀರು ತಲುಪಿದೆ ಅಂತ ಕೊನೇ ಡ್ರಿಪ್ಪರ್ ಹನಿಗೆ ಪಿಎಚ್ ಪೇಪರ್ ಹಿಡಿದು ನೋಡಿ, ಆಮೇಲೆ ಮೋಟರ್ ನಿಲ್ಲಿಸಿ ರಾತ್ರಿಯೆಲ್ಲ ಹಂಗೇ ಬಿಡಿ, ಬೆಳಿಗ್ಗೆ ಪೈಪಿನ ತುದಿ ಬಿರಡೆ ತೆಗೆದು ಬರೀ ನೀರಲ್ಲಿ ಚೆನ್ನಾಗಿ ಫ್ಲಷ್ ಮಾಡಿ, ಬಿಳೀ ಗಸಿ ಬರತ್ತೆ ನೋಡಿ. ಗಿಡ ಸಾಯತ್ತಾ ಅಂದ್ರೆ, ಪಿಎಚ್ 4ರ ನೀರು ಒಂದು ಸಲ ಬುಡಕ್ಕೆ ಸ್ವಲ್ಪ ಬಿದ್ರೆ ಬೆಳೆದ ಗಿಡ ಸಾಯಲ್ಲ, ಮಣ್ಣು ತಡ್ಕೊಳ್ಳತ್ತೆ. ಆದ್ರೆ ನಾಟಿ ಮಾಡಿ ವಾರ ಆಗಿರೋ ಎಳೇ ಸಸಿಗೆ ಬೇಡ್ವೇ ಬೇಡ. ನನ್ನ ಕೇಳಿದ್ರೆ ಒಂದು ಬೆಳೆ ಕಿತ್ತು ಇನ್ನೊಂದು ನಾಟಿ ಮಾಡೋದ್ರೊಳಗೆ ಮಾಡ್ಕೊಳ್ಳೋದು ವಾಸಿ.

ಡ್ರಮ್ಮಿಗೆ ಮೊದಲು ನೀರು ತುಂಬಿ, ಆಮೇಲೆ ಅದಕ್ಕೆ ಆಸಿಡ್ ನಿಧಾನಕ್ಕೆ ಬಿಡಿ. ಉಲ್ಟಾ ಮಾಡಿದ್ರೆ, ಅಂದ್ರೆ ಗಟ್ಟಿ ಆಸಿಡ್ ಮೇಲೆ ನೀರು ಸುರಿದ್ರೆ, ಹುಟ್ಟೋ ಶಾಖಕ್ಕೆ ಆ ನೀರು ಅಲ್ಲೇ ಕುದ್ದು ಆಸಿಡ್ಡನ್ನ ಮುಖಕ್ಕೆ ಎರಚತ್ತೆ. ಬ್ಯಾಟರಿಗೆ ಹಾಕೋ ಸಲ್ಫ್ಯೂರಿಕ್ಕಲ್ಲಿ ಇದು ಇನ್ನೂ ಭಯಂಕರ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಾಲೇಜಿನ ಲ್ಯಾಬಲ್ಲಿ ನಮ್ಮ ಅಟೆಂಡರ್ ಅವಸರದಲ್ಲಿ ಸಲ್ಫ್ಯೂರಿಕ್ ಇದ್ದ ಬೀಕರಿಗೆ ನಲ್ಲಿ ನೀರು ಬಿಟ್ಟರು, ಪಟ್ ಅಂತ ಸಿಡೀತು, ಅವರ ಕುತ್ತಿಗೆ ಹತ್ರ ಎರಡು ರೂಪಾಯಿ ಅಗಲದ ಗುರುತು ರಿಟೈರ್ ಆಗೋವರ್ಗೂ ಇತ್ತು. ಕನ್ನಡಕ ಇತ್ತು ಅಂತ ಕಣ್ಣು ಉಳೀತು. ಅವತ್ತಿಂದ ಮೊದಲನೇ ದಿನದ ಪಾಠದಲ್ಲೇ ನಾನು ಇದನ್ನ ಹೇಳ್ತಿದ್ದೆ. ಇನ್ವರ್ಟರ್ ಬ್ಯಾಟರಿಗೆ ನೀವು ಹಾಕೋದು ಡಿಸ್ಟಿಲ್ಡ್ ವಾಟರ್ ಮಾತ್ರ ಆಗಿರಬೇಕು, ಬೋರಿನ ನೀರು ಹಾಕಿದ್ರೆ ಅದರ ಲವಣ ಪ್ಲೇಟನ್ನ ಹಾಳು ಮಾಡತ್ತೆ. ಆಸಿಡ್ ಕಮ್ಮಿ ಆಯ್ತು ಅಂತ ಆಸಿಡ್ ಸುರಿಯೋದೂ ತಪ್ಪು, ಅಲ್ಲಿ ಆವಿಯಾಗಿ ಹೋಗಿರೋದು ನೀರೇ.

ಜೋರು, ಗಟ್ಟಿ, ಯಾವುದರ ಮೇಲೆ ಅಂದ್ನಲ್ಲ, ಅದಕ್ಕೆ ನಮ್ಮ ಸುತ್ತಮುತ್ತಲೇ ಎಷ್ಟು ಸಾಕ್ಷಿ ಇದೆ ನೋಡಿ. ತಾಮ್ರದ ಚೊಂಬನ್ನ ಹುಣಿಸೇಹಣ್ಣು ಉಪ್ಪು ಹಾಕಿ ಉಜ್ಜಿದ್ರೆ ಫಳಫಳ ಅನ್ನತ್ತೆ, ಮೇಲಿದ್ದ ಕಪ್ಪು ಆಕ್ಸೈಡ್ ಪೊರೆ ಹುಳಿಗೆ ಕರಗತ್ತೆ, ಒಳಗಿನ ತಾಮ್ರ ಅಷ್ಟು ಸುಲಭಕ್ಕೆ ಕರಗಲ್ಲ. ಆದ್ರೆ ಅದೇ ಚೊಂಬಲ್ಲಿ ಹುಳಿ ಸಾರು ರಾತ್ರಿಯೆಲ್ಲ ಇಟ್ರೆ ಗಾಳಿ ಸೇರಿ ತಾಮ್ರ ನಿಧಾನಕ್ಕೆ ಕರಗಿ ಹಸಿರು ವಿಷ ಆಗತ್ತೆ, ಅದಕ್ಕೇ ಹಿತ್ತಾಳೆ ಪಾತ್ರೆಗೆ ತವರದ ಕಲಾಯಿ ಹಾಕಿಸ್ತಿದ್ದಿದ್ದು. ಕಲಾಯಿಯವನು ಕಾದ ಪಾತ್ರೆಗೆ ನವಸಾಗರದ ಪುಡಿ ಹಾಕಿ ಹತ್ತೀಲಿ ಒರೆಸಿದಾಗ ಗಾಟು ಹೊಗೆ ಏಳ್ತಿತ್ತಲ್ಲ, ಅದು ಅಮೋನಿಯಾ ಮತ್ತೆ ಹೈಡ್ರೋಕ್ಲೋರಿಕ್ ಆಸಿಡ್ ಗ್ಯಾಸು, ನವಸಾಗರ ಶಾಖಕ್ಕೆ ಒಡೆದು ಆಸಿಡ್ ಆಗಿ ಲೋಹದ ಮೈ ತೊಳೀತಿತ್ತು, ಆಮೇಲೇ ತವರ ಹಿಡಿಯೋದು. ಒಂದಕ್ಷರ ಕೆಮಿಸ್ಟ್ರಿ ಓದದ ಮನುಷ್ಯ ಎಷ್ಟು ನಾಜೂಕಾಗಿ ಮಾಡ್ತಿದ್ದ ಅಂತ ನನಗೆ ಅವರ ಮೇಲೆ ಬಹಳ ಗೌರವ.

ಅಕ್ಕಸಾಲಿಗರು ಒರೆಗಲ್ಲಿಗೆ ಚಿನ್ನ ತಿಕ್ಕಿ ನೈಟ್ರಿಕ್ ಆಸಿಡ್ ಹನಿ ಬಿಡ್ತಾರೆ, ತಾಮ್ರ ಬೆಳ್ಳಿ ಕರಗಿ ಹೋಗತ್ತೆ, ಚಿನ್ನದ ಗೆರೆ ಉಳಿಯತ್ತೆ. ಬರೀ ನೈಟ್ರಿಕ್ಕಿಗೂ ಚಿನ್ನ ಜಗ್ಗಲ್ಲ, ಬರೀ ಹೈಡ್ರೋಕ್ಲೋರಿಕ್ಕಿಗೂ ಜಗ್ಗಲ್ಲ, ಒಂದು ಪಾಲು ನೈಟ್ರಿಕ್ಕಿಗೆ ಮೂರು ಪಾಲು ಹೈಡ್ರೋಕ್ಲೋರಿಕ್ ಸೇರಿಸಿದ್ರೆ ಮಾತ್ರ ಕರಗತ್ತೆ. ಹಂಗಂತ ಕೆಜಿಎಫ್ ಗಣೀಲಿ ಅದಿರಿಂದ ಚಿನ್ನ ತೆಗೀತಿದ್ದಿದ್ದು ಆಸಿಡ್ಡಲ್ಲಿ ಅಲ್ಲ, ಸೈನೈಡ್ ದ್ರಾವಣದಲ್ಲಿ. ಅಲ್ಲಿ ಆಸಿಡ್ ಹತ್ರ ಬರೋಕೂ ಬಿಡಬಾರದು, ಸುಣ್ಣ ಹಾಕಿ ಪಿಎಚ್ ಮೇಲೇ ಇಡಬೇಕು, ಯಾಕಂದ್ರೆ ಸೈನೈಡಿಗೆ ಆಸಿಡ್ ತಗುಲಿದ್ರೆ ಹೈಡ್ರೋಜನ್ ಸೈನೈಡ್ ಅನ್ನೋ ಪ್ರಾಣ ತೆಗೆಯೋ ಗ್ಯಾಸ್ ಏಳತ್ತೆ.

ಇನ್ನೊಂದು ಕೇಳಿ. ಶಿಡ್ಲಘಟ್ಟದ ಕಡೆ ರೇಷ್ಮೆಯವರಿಗೆ ಇದು ಗೊತ್ತಿರತ್ತೆ. ದ್ವಿತಳಿ, ಅಂದ್ರೆ ವರ್ಷಕ್ಕೆ ಎರಡು ಪೀಳಿಗೆ ಬರೋ ರೇಷ್ಮೆ ಹುಳದ ಮೊಟ್ಟೆಗಳು ತಾವಾಗೇ ತಿಂಗಳುಗಟ್ಟಲೆ ನಿದ್ದೆ ಹೋಗತ್ತೆ, ಮರಿ ಬೇಗ ಬೇಕಂದ್ರೆ ಮೊಟ್ಟೆ ಇಟ್ಟು ಸುಮಾರು ಇಪ್ಪತ್ತು ಗಂಟೆ ಆದಾಗ 46 ಡಿಗ್ರಿ ಬಿಸಿ ಇರೋ ತೆಳು ಹೈಡ್ರೋಕ್ಲೋರಿಕ್ ಆಸಿಡ್ಡಲ್ಲಿ ಐದು ನಿಮಿಷದ ಹತ್ರ ಅದ್ದಿ ನೀರಲ್ಲಿ ತೊಳೀತಾರೆ, ನಿದ್ದೆ ತಪ್ಪಿ ಹತ್ತು ಹನ್ನೊಂದು ದಿನಕ್ಕೆ ಮರಿಯಾಗತ್ತೆ. ನಿಮ್ಮ ಕಲ್ಲನ್ನ ತಿಂದ ಅದೇ ಆಸಿಡ್ಡು. ಬಿಸಿ, ಹೊತ್ತು, ತೆಳುವು ಎಲ್ಲ ಅಳತೇಲಿ ಇದ್ದಿದ್ದಕ್ಕೆ ಮೊಟ್ಟೆ ಸಾಯ್ಲಿಲ್ಲ.

ಉಲ್ಟಾ ಉದಾಹರಣೇನೂ ಹೇಳ್ಲೇಬೇಕು. ಹೈಡ್ರೋಫ್ಲೋರಿಕ್ ಆಸಿಡ್ ಅಂತ ಒಂದಿದೆ, ಲೆಕ್ಕದ ಪ್ರಕಾರ ಜೋರಿಲ್ಲದ ಜುಗ್ಗ ಆಸಿಡ್ಡೇ, ಆದ್ರೆ ಗಾಜನ್ನೇ ತಿನ್ನತ್ತೆ, ಚರ್ಮದೊಳಗೆ ಸದ್ದಿಲ್ದೆ ಇಳಿದು ಮೈಯಲ್ಲಿರೋ ಕ್ಯಾಲ್ಸಿಯಂನ ಕಟ್ಟಿ ಹಾಕಿ ಹೃದಯಾನೇ ನಿಲ್ಲಿಸಬಹುದು. ಜೋರು ಕಮ್ಮಿ ಅಂದ್ರೆ ಅಪಾಯ ಕಮ್ಮಿ ಅಂತ ಅಲ್ಲ. ನಮ್ಮ ಕೋಲಾರ ಚಿಕ್ಕಬಳ್ಳಾಪುರದ ಬೋರಿನ ನೀರಲ್ಲಿ ಫ್ಲೋರೈಡ್ ಅಂತಾರಲ್ಲ ಅದು ಇದೇನಾ ಅಂತ ಒಬ್ಬರು ಗಾಬರಿಯಿಂದ ಕೇಳಿದ್ರು. ಅಲ್ಲ, ಅದು ಲವಣದ ರೂಪದಲ್ಲಿರೋದು, ಸುಡಲ್ಲ. ಅದರ ತೊಂದರೆ ಬೇರೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನ ವರ್ಷಗಟ್ಟಲೆ ಕುಡಿದ್ರೆ ಹಲ್ಲು ಮೂಳೆಗೆ ಬರೋದು.

ಮಗಳಿಗೆ ಒಂದು ಪ್ರಯೋಗ. ಆರತಿ ತಟ್ಟೇಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದ್ರೆ ಕೆಂಪಾಗತ್ತಲ್ಲ, ಆ ಕೆಂಪು ನೀರಿಗೆ ನಿಂಬೆರಸ ಹಿಂಡೋಕೆ ಹೇಳಿ, ಮತ್ತೆ ಹಳದಿ ಆಗತ್ತೆ. ಅರಿಶಿನ ಕ್ಷಾರವನ್ನ ಮಾತ್ರ ಹಿಡಿದು ಕೊಡತ್ತೆ, ಬರೀ ಹುಳಿಗೆ ಬಣ್ಣ ಬದಲಾಯಿಸಲ್ಲ. ಹುಳೀನೂ ಕಾಣಬೇಕು ಅಂದ್ರೆ ಕೆಂಪು ದಾಸವಾಳದ ಎಸಳನ್ನ ಬಿಸಿನೀರಲ್ಲಿ ನೆನೆಸಿ ಸೋಸ್ಕೊಳ್ಳಿ, ನಿಂಬೆರಸಕ್ಕೆ ಕಡುಗುಲಾಬಿ, ಸುಣ್ಣದ ತಿಳಿಗೆ ಹಸಿರು. ಮನೇಲಿರೋ ಹುಣಿಸೆ ನೀರು, ಮಜ್ಜಿಗೆ, ಸೋಪಿನ ನೀರು, ಬೋರಿನ ನೀರು ಎಲ್ಲದಕ್ಕೂ ಒಂದೊಂದು ಲೋಟದಲ್ಲಿ ಹಾಕಿ ಸಾಲಾಗಿ ಇಟ್ಟು ನೋಡ್ಲಿ. ಬಾತ್ರೂಂ ಆಸಿಡ್ಡು ಮಾತ್ರ ಈ ಸಾಲಿಗೆ ಬೇಡ.

ಆ ಬಾಟ್ಲಿ ಈಗ ಎಲ್ಲಿದೆ? ನೀರಿನ ಬಾಟ್ಲಲ್ಲಿ ತುಂಬಿ ಕೊಟ್ಟಿದ್ರೆ ಇವತ್ತೇ ಅದರ ಮೇಲೆ ದಪ್ಪ ಅಕ್ಷರದಲ್ಲಿ ಆಸಿಡ್ ಅಂತ ಬರೆದು ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿಡಿ, ನೀರು ಅಂತ ಕುಡಿದು ಗಂಟಲು ಸುಟ್ಕೊಂಡಿರೋ ಮಕ್ಕಳಿದಾರೆ. 2013ರಲ್ಲಿ ಸುಪ್ರೀಂ ಕೋರ್ಟು ಆಸಿಡ್ ಮಾರೋ ಅಂಗಡಿಯವರು ಕೊಳ್ಳೋರ ಹೆಸರು, ವಿಳಾಸ, ಯಾಕೆ ಅನ್ನೋದನ್ನ ರಿಜಿಸ್ಟರಲ್ಲಿ ಬರೀಬೇಕು, ಫೋಟೊ ಇರೋ ಗುರುತಿನ ಚೀಟಿ ನೋಡ್ಬೇಕು, 18 ತುಂಬದವರಿಗೆ ಕೊಡಬಾರದು ಅಂತ ಹೇಳಿದೆ, ತಪ್ಪಿದ್ರೆ 50,000 ರೂಪಾಯಿವರ್ಗೂ ದಂಡ. ಅದು ಯಾಕೆ ಬಂತು ಅಂತ ನಿಮಗೂ ಗೊತ್ತು, ಹೆಣ್ಮಕ್ಕಳ ಮುಖದ ಮೇಲೆ ಎರಚಿದ ಪಾಪಿಗಳಿಂದ ಬಂತು. ಕೈಗೋ ಮುಖಕ್ಕೋ ಆಸಿಡ್ ಬಿದ್ರೆ ಬಟ್ಟೆ ಬಿಚ್ಚಿ ಹರಿಯೋ ನೀರು ಇಪ್ಪತ್ತು ನಿಮಿಷ ಬಿಡ್ತಾನೇ ಇರಿ, ಸುಣ್ಣ ಸೋಡಾ ಅಂತ ಏನೂ ಮೆತ್ತಬೇಡಿ, ಆಸಿಡ್ಡೂ ಸುಣ್ಣವೂ ಚರ್ಮದ ಮೇಲೆ ಸೇರಿದ್ರೆ ಇನ್ನಷ್ಟು ಶಾಖ ಹುಟ್ಟತ್ತೆ. ಯಾರಾದ್ರೂ ಕುಡಿದ್ರೆ ವಾಂತಿ ಮಾಡಿಸಬೇಡಿ, ಹೋಗುವಾಗ ಸುಟ್ಟ ಗಂಟಲು ಬರುವಾಗ ಇನ್ನೊಂದು ಸಲ ಸುಡತ್ತೆ, ಬಾಯಿ ತೊಳೆಸಿ ಸೀದಾ ಆಸ್ಪತ್ರೆ.

ನಿಮ್ಮನೆಯವರಿಗೆ ಹೇಳಿ, ಬಕೆಟ್ ಟೆಸ್ಟ್ ಮಾಡಿ ಹತ್ತು ಲೀಟರಿಗೆ ಎಷ್ಟು ಎಂಎಲ್ ಹಿಡೀತು, ನಿಮ್ಮ ಪಂಪು ಗಂಟೆಗೆ ಎಷ್ಟು ಲೀಟರ್ ಬಿಡತ್ತೆ, ವೆಂಚುರಿ ಗಂಟೆಗೆ ಎಷ್ಟು ಎಳೆಯತ್ತೆ, ಈ ಮೂರು ನಂಬರ್ ಬರೆದು ಕಳಿಸಿ. ಡ್ರಮ್ಮಿಗೆ ಎಷ್ಟು ನೀರು ಎಷ್ಟು ಆಸಿಡ್ ಅಂತ ಲೆಕ್ಕ ನಾನು ಹಾಕ್ಕೊಡ್ತೀನಿ.